ಸಾಲಿನ ಮೊದಲ ಕ್ಯಾನು

ಸಿರುಗುಪ್ಪ ತಾಲ್ಲೂಕಿನ ಕರೂರಿನಿಂದ ಇನ್ನೊಂದಿಷ್ಟು ಒಳಗೆ, ಕಾಲುವೆ ಬದಿಗೆ ಒಂದು ಹಳ್ಳಿ ಇದೆ. ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆಯೇ ನಾಲ್ಕು ಜನ ಜಗಳಕ್ಕೆ ಬರುತ್ತಾರೆ. ಆ ಹಳ್ಳಿಯ ಮೇಲಿನ ಓಣಿಯಲ್ಲಿ ಮರಿಬಸಪ್ಪನವರ ಮನೆಯಲ್ಲಿ ಆ ಭಾನುವಾರ ಬೆಳಗಿನ ಐದಕ್ಕೇ ಗದ್ದಲವೋ ಗದ್ದಲ. ಮೊಮ್ಮಗಳು ಸೌಂದರ್ಯಾಳಿಗೆ ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆ! ತಾಯಿ ಸುನಂದಾ ಡಬ್ಬಿಗೆ ಮಂಡಾಳೊಗ್ಗರಣೆ ತುಂಬುತ್ತಿದ್ದಾಳೆ. ಅಜ್ಜಿ ಹೊನ್ನೂರಮ್ಮನವರು ವಿಭೂತಿ ಹಿಡಿದು ಮೊಮ್ಮಗಳ ಹಿಂದೆ ಹಿಂದೆಯೇ ತಿರುಗುತ್ತಿದ್ದಾರೆ. ತಂದೆ ವೀರಭದ್ರ ಹಾಲ್ ಟಿಕೆಟನ್ನು ನಾಲ್ಕನೆಯ ಸಲ ಓದುತ್ತಿದ್ದಾನೆ, ಪರೀಕ್ಷೆ ಬರೆಯುವವನು ತಾನೇ ಎಂಬಂತೆ.

“ನೀರು ನಾನ ತರ್ತೀನಿ,” ಎಂದಳು ಸೌಂದರ್ಯ, ಸ್ಕೂಟಿಯ ಮೇಲೆ ಖಾಲಿ ಕ್ಯಾನು ಇಡುತ್ತ.

“ಇವತ್ತೂ ನೀನ ಹೋಗ್ಬೇಕೇನ? ಆರೂಕಾಲಿಗೆ ಬಸ್ಸು ಐತಿ,” ಎಂದಳು ಸುನಂದಾ.

“ಹೋಗಿ ಬರಾಕ ಹತ್ತು ನಿಮಿಷ ಸಾಕವ್ವ ನನಗ!”

ತನ್ನ ಚುರುಕಿನ ಮೇಲೆ ಅವಳಿಗೆ ಅಷ್ಟು ಅಭಿಮಾನ. ಆ ಊರಿನ ಬೋರಿನ ನೀರು ಬಾಯಿಗಿಟ್ಟರೆ ಉಪ್ಪು. ಕುಡಿಯಲು ಇಡೀ ಊರಿಗೆ ಇರುವುದು ಶುದ್ಧ ನೀರಿನ ಘಟಕದ ಒಂದೇ ನಲ್ಲಿ. ಘಟಕ ನೋಡಿಕೊಳ್ಳುವ ಎರ್ರಣ್ಣ ಐದೂವರೆಗೆ ಬೀಗ ತೆಗೆದರೆ ಏಳಕ್ಕೆ ಹಾಕಿದ; ಮತ್ತೆ ತೆಗೆಯುವುದು ಸಂಜೆಗೇ. ಒಂದು ಕ್ಯಾನು ತುಂಬಲು ನಾಲ್ಕು ನಿಮಿಷ ಹಿಡಿಯುತ್ತದೆ. ಅಲ್ಲಿ ಆಗಲೇ ಉದ್ದಕ್ಕೆ ಕ್ಯಾನುಗಳ ಸಾಲಿತ್ತು. ಸೌಂದರ್ಯ ಸ್ಕೂಟಿ ನಿಲ್ಲಿಸಿ, ನಲ್ಲಿಯ ಹತ್ತಿರ ಹೋಗಿ, ಮುಂದೆ ಇದ್ದ ತಮ್ಮ ಓಣಿಯವರ ಕ್ಯಾನು ತುಂಬುತ್ತಲೇ ತನ್ನದನ್ನು ಹಿಡಿದಳು. ಪಕ್ಕದಲ್ಲೇ ಅವಳ ಗೆಳತಿ ಅಕ್ಷಿತಾ ನಿಂತಿದ್ದಳು. ಕೆಳಗಿನ ಓಣಿಯ ಕೆಂಚಣ್ಣ-ಹನುಮಮ್ಮ ದಂಪತಿಯ ಮಗಳು. ಸಿರುಗುಪ್ಪದಲ್ಲಿ ಇಬ್ಬರೂ ಒಂದೇ ಕಾಲೇಜು, ಒಂದೇ ಬೆಂಚು, ಇವತ್ತು ಒಂದೇ ಪರೀಕ್ಷೆ.

“ಲೇ ಅಕ್ಷಿ, ಇನ್ನೂ ನಿಂತೀಯಲ್ಲೇ! ಬೇಗ ಬಾ, ಸೀಟು ಹಿಡಿದಿರ್ತೀನಿ!”

ಅಕ್ಷಿತಾ ನಕ್ಕಳು. ಸೌಂದರ್ಯ ಭರ್ರೆಂದು ಹೊರಟೇ ಹೋದಳು.

ಬಸ್ಸಿನಲ್ಲಿ ಕಿಟಕಿಯ ಸೀಟಿನ ಮೇಲೆ ದುಪ್ಪಟ್ಟಾ ಹಾಸಿ ಕಾದದ್ದೇ ಬಂತು, ಅಕ್ಷಿತಾ ಬರಲಿಲ್ಲ. ಕಂಡಕ್ಟರ್ ಸೀಟಿ ಊದಿದ. ಸೌಂದರ್ಯಾಳಿಗೆ ಸಿಟ್ಟು ನೆತ್ತಿಗೇರಿತು. ವರ್ಷವೆಲ್ಲ ಒಟ್ಟಿಗೆ ಓದಿ, ಇವತ್ತೂ ತಡ ಮಾಡುವುದೆಂದರೇನು! ಸಿರುಗುಪ್ಪದಲ್ಲಿ ಬಸ್ಸು ಬದಲಿಸಿ ಬಳ್ಳಾರಿ ಮುಟ್ಟಿ, ಸತ್ಯನಾರಾಯಣಪೇಟೆಯ ಕೇಂದ್ರದೊಳಗೆ ಕಾಲಿಟ್ಟಾಗ ಒಂಬತ್ತೂ ಇಪ್ಪತ್ತು. ಒಂಬತ್ತೂವರೆಗೆ ಗೇಟು ಮುಚ್ಚಿತು.

ಪರೀಕ್ಷೆ ಭರ್ಜರಿಯಾಗಿತ್ತು. ಕುಣಿಯುತ್ತ ಹೊರಬಂದವಳಿಗೆ ಗೇಟಿನೆದುರು ಬೇವಿನ ಮರದ ಕಟ್ಟೆಯ ಮೇಲೆ ಅಕ್ಷಿತಾ ಕಂಡಳು. ಕೈಯಲ್ಲಿ ಹಾಲ್ ಟಿಕೆಟ್ ಬೆವರಿಗೆ ಒದ್ದೆಯಾಗಿತ್ತು.

“ಮುಂದಿನ ಬಸ್ಸಿಗೆ ಒಂಬತ್ತೂ ನಲವತ್ತೊಂದಕ್ಕ ಬಂದ್ನಿ,” ಎಂದಳು ಅಕ್ಷಿತಾ. “ಬಿಡಲಿಲ್ಲ.”

“ಇವತ್ತೊಂದಿನನರ ಬೇಗ ಏಳಬಾರದೇನಲೇ! ನನ್ನ ನೋಡಿ ಕಲೀಬಾರದಾ?”

ಅಕ್ಷಿತಾ ತಲೆಯೆತ್ತಿ ಅವಳನ್ನೇ ನೋಡಿದಳು. “ನಾನು ನಾಕೂವರಿಗೇ ನಳದ ಮುಂದ ಇದ್ನಿ, ಸೌಂದರ್ಯ. ಸಾಲಿನಾಗ ಮೊದಲನೇ ಕ್ಯಾನು ನಂದು.”

“ಮತ್ತ?”

“ನಿಮ್ಮ ಓಣಿಯವು ಹನ್ನೊಂದು ಕ್ಯಾನು ಬಂದ್ವು. ನಿಂದು ನಾಕನೇದು. ಈಗ ನಂದು, ಈಗ ನಂದು ಅಂತ ನಿಂತ್ನಿ. ಬಿಟ್ಟು ಬಂದ್ರ ಸಂಜಿತನಕ ಅಪ್ಪಗ ಕುಡಿಯಾಕ ನೀರಿಲ್ಲ, ಅವನು ನಡ ಹಿಡ್ಕಂಡು ಮಲಗ್ಯಾನ. ಅವ್ವ ಐದಕ್ಕೇ ನಾಟಿಗೆ ಹೋಗಿದ್ಲು. ನನ್ನ ಕ್ಯಾನು ತುಂಬಿದಾಗ ಆರೂ ಹದಿನೆಂಟು.”

“ನನಗ ಹೇಳಬೇಕಿಲ್ಲೋ! ನಾನು ಬಿಡ್ತಿರಲಿಲ್ಲೇನ?”

“ಹೇಳಬೇಕಿತ್ತಾ?” ಎಂದಳು ಅಕ್ಷಿತಾ. “ನೀನು ಬಂದಾಗ ನನ್ನ ಕ್ಯಾನು ನಾನ ಸರಿಸಿದ್ನಿ. ನಿನ್ನ ಕಣ್ಣ ಮುಂದ. ನೋಡಲಿಲ್ಲಾ ನೀನು?”

ನೋಡಿದ್ದಳು! ಬಳೆಗಳಿದ್ದ ಒಂದು ಕೈ ಒಂದು ಹಳದಿ ಕ್ಯಾನನ್ನು ಪಕ್ಕಕ್ಕೆ ಎಳೆದುಕೊಂಡದ್ದನ್ನು ಕಣ್ಣಾರೆ ನೋಡಿದ್ದಳು. ದಿನಾ ನೋಡುತ್ತಿದ್ದಳು. ಅದು ಯಾಕೆ ಸರಿಯಿತು ಎಂದು ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಹತ್ತು ನಿಮಿಷದಲ್ಲಿ ನೀರು ತರುವ ಚುರುಕು ತನ್ನದಲ್ಲ, ಇನ್ನೊಬ್ಬರ ನಿದ್ದೆಯಿಂದ ಕಿತ್ತುಕೊಂಡ ಹೊತ್ತು ಅದು ಎಂದು ತಿಳಿದಾಗ ಅವಳಿಗೆ ನಾಚಿಕೆಯಿಂದ ಕಿವಿ ಬಿಸಿಯಾದವು.

ಸಂಜೆ ಪಡಸಾಲೆಯಲ್ಲಿ ಅವಳು ನೇರವಾಗಿ ಕೇಳಿದಳು. “ಅಜ್ಜಿ, ನಾವು ನೀರಿಗೆ ಪಾಳಿ ಯಾಕ ನಿಂದ್ರಂಗಿಲ್ಲ?”

ಹೊನ್ನೂರಮ್ಮನವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. “ನಾವ್ಯಾಕ ನಿಂದ್ರಬೇಕು? ಯಾರಿಗರ ಬೈದೀವೇನ? ಕೈ ಮಾಡೀವೇನ? ಅವರ ಸರೀತಾರ, ನಾವು ಹಿಡಕಂಡು ಬರ್ತೀವಿ.”

“ಯಾಕ ಸರೀತಾರ?”

“ಮೊದಲಿಂದ ಹಂಗ ಐತವ್ವ.”

ಮರಿಬಸಪ್ಪನವರು ಕೆಮ್ಮಿದರು. “ಆ ನಳ ಇರೋ ಜಾಗ ಯಾರದು? ನಮ್ಮಪ್ಪ ಊರಿಗೆ ಬಿಟ್ಟುಕೊಟ್ಟದ್ದು.”

“ಊರಿಗೆ ಕೊಟ್ಟ ಮ್ಯಾಲ ಊರಿಂದಾತಲ್ಲಜ್ಜ. ಅವರು ಊರಲ್ಲೇನು?”

“ಸಾಕು ಬಿಡು,” ಎಂದ ವೀರಭದ್ರ. “ನೌಕರಿಯಾಗ ಅವರಿಗೆ ಮೀಸಲಾತಿ ಐತಿ, ಅದನ್ನ ಯಾರೂ ಕೇಳಂಗಿಲ್ಲ. ನೀನು ಕಷ್ಟಪಟ್ಟು ಓದಿ ಬರದೀ.”

ಸೌಂದರ್ಯ ಎದ್ದು ನಿಂತಳು. “ಅಕಿನೂ ಓದ್ಯಾಳಪ್ಪ! ನನಗಿಂತ ಜಾಸ್ತಿ ಓದ್ಯಾಳ. ಆದ್ರ ನಾನು ಗೇಟಿನ ಒಳಗ, ಅಕಿ ಹೊರಗ. ನಮ್ಮ ಕ್ಯಾನಿಗೆ ದಿನಾ ಬೆಳಗ್ಗೆ ಮೀಸಲಾತಿ ಐತಲ್ಲ, ಅದಕ್ಕ ನಾವು ಯಾವ ಅರ್ಜಿ ಹಾಕೀವಿ? ಯಾವ ಸರ್ಟಿಫಿಕೇಟು ತೋರಿಸೀವಿ?”

ಸುನಂದಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಮಗಳನ್ನು ಹೊಸದಾಗಿ ನೋಡುವಂತೆ ನೋಡಿದಳು.

ಮರುದಿನ ಸೌಂದರ್ಯ ಭಾರೀ ಹುಮ್ಮಸ್ಸಿನಿಂದ ಹೋಗಿ ಸಾಲಿನ ಕಟ್ಟಕಡೆಗೆ ನಿಂತಳು. ತಾನೇನೋ ದೊಡ್ಡ ಕೆಲಸ ಮಾಡಿದೆ ಎಂದುಕೊಂಡಳು ಪಾಪ! ಸಾಲಿಗೆ ಸಾಲೇ ನಿಂತುಬಿಟ್ಟಿತು. ಮುಂದಿದ್ದವರು ನಲ್ಲಿ ಬಿಟ್ಟು ದೂರ ಸರಿದರು. ಆ ದಿನ ನಾಟಿಗೆ ಹೋಗದೆ ನೀರಿಗೆ ಬಂದಿದ್ದ ಹನುಮಮ್ಮ ಓಡಿ ಬಂದಳು.

“ಯವ್ವಾ, ನಿನ್ನ ಕಾಲು ಬೀಳ್ತೀನಿ, ತುಂಬ್ಕಂಡು ಹೋಗು. ನಿನ್ನ ನಮ್ಮ ಹಿಂದ ನಿಂದ್ರಿಸಿದ್ವಿ ಅಂತ ನಿಮ್ಮಜ್ಜಗ ಗೊತ್ತಾದ್ರ ನಾಳಿಂದ ನಮ್ಮ ಗುಂಪನ್ನ ಕೆಲಸಕ್ಕ ಕರಿಯಂಗಿಲ್ಲ. ನಿನಗ ಒಂದಿನದ ಆಟ, ನಮಗ ಹೊಟ್ಟಿ ಪ್ರಶ್ನಿ.”

ಸೌಂದರ್ಯ ತೆಪ್ಪಗೆ ತುಂಬಿಕೊಂಡು ಬಂದಳು. ತಾನು ಒಳ್ಳೆಯವಳಾಗುವುದಕ್ಕೂ ದಂಡ ತೆರುವವರು ಅವರೇ! ಹಾಗಾದರೆ ಮಾತಾಡಬೇಕಾದದ್ದು ಸರಿದು ನಿಲ್ಲುವವರ ಜೊತೆಯಲ್ಲ, ನುಗ್ಗುವವರ ಜೊತೆ. ಅವತ್ತಿನಿಂದ ತಮ್ಮ ಓಣಿಯ ಹನ್ನೊಂದು ಮನೆಗಳ ಹೊಸ್ತಿಲನ್ನೂ ತುಳಿದಳು. ಹತ್ತು ಮನೆಯವರು ನಕ್ಕು ಚಹಾ ಕುಡಿಸಿ ಕಳಿಸಿದರು. ಹನ್ನೊಂದನೆಯದು ಅವಳದೇ ಮನೆ. ಅಲ್ಲಿ ಚಹಾ ಕೂಡ ಸಿಗಲಿಲ್ಲ.

ಹದಿನೈದು ದಿನಕ್ಕೆ ಇಬ್ಬರಿಗೂ ಇನ್ನೊಂದು ಪರೀಕ್ಷೆ ಬಂತು. ಗ್ರಾಮ ಆಡಳಿತಾಧಿಕಾರಿ ಹುದ್ದೆಯದು, ಕೇಂದ್ರ ಕುರುಗೋಡು. ಮತ್ತೆ ಅದೇ ಆರೂಕಾಲರ ಬಸ್ಸು. ಅಕ್ಷಿತಾಳಿಗೆ ಇದು ತಪ್ಪಿದರೆ ಮನೆಯವರು ಅವಳನ್ನೂ ನಾಟಿ ಗುಂಪಿಗೆ ಸೇರಿಸುವುದು ಖಾತ್ರಿಯಾಗಿತ್ತು. ಹನುಮಮ್ಮ ಕೂಲಿ ಬಿಟ್ಟು ಮಗಳ ಜೊತೆ ನಾಲ್ಕೂವರೆಗೇ ಬಂದು ನಲ್ಲಿಯ ಮುಂದೆ ಹಳದಿ ಕ್ಯಾನು ಇಟ್ಟಳು. ಹಿಂದೆ ಅವರದೇ ಓಣಿಯ ಪಕ್ಕೀರಮ್ಮ ಕೂತಿದ್ದಳು. ನೋಡಿ, ಪಕ್ಕೀರಮ್ಮನಿಗೂ ಹೊನ್ನೂರಮ್ಮನವರಿಗೂ ಒಂದೇ ವಯಸ್ಸು, ಆದರೂ ನನ್ನ ನಾಲಿಗೆ ಒಬ್ಬರಿಗೆ ಬಹುವಚನ, ಇನ್ನೊಬ್ಬರಿಗೆ ಏಕವಚನ ಬಡಿಸಿತು! ತಿದ್ದಿಕೊಳ್ಳುತ್ತೇನೆ: ಪಕ್ಕೀರಮ್ಮನವರು ಕೂತಿದ್ದರು.

ಸೌಂದರ್ಯ ಬಂದವಳೇ ತನ್ನ ಕ್ಯಾನನ್ನು ಸಾಲಿನ ಕೊನೆಗೆ ಇಟ್ಟಳು. ಆದರೆ ತಾನು ಹೋಗಿ ನಿಂತದ್ದು ನಲ್ಲಿಯ ಪಕ್ಕ, ತಮ್ಮ ಓಣಿ ಬರುವ ದಾರಿಗೆ ಮುಖ ಮಾಡಿ. ಎರ್ರಣ್ಣ ಬೀಗ ತೆಗೆದ. ಅಷ್ಟರಲ್ಲಿ ಮೇಲಿನ ಓಣಿಯ ವಿರೂಪಮ್ಮ ಕ್ಯಾನು ಹಿಡಿದು ಬಂದೇಬಿಟ್ಟಳು.

“ಸಾಲು ಅಲ್ಲಿಂದ ಐತಿ, ಚಿಗವ್ವ,” ಎಂದಳು ಸೌಂದರ್ಯ.

“ಅಯ್ಯ, ಸರೀಲೇ ಹುಡುಗಿ! ಒಲಿ ಮ್ಯಾಲ ಹಾಲಿಟ್ಟು ಬಂದೀನಿ.”

“ಅವರ ಮನ್ಯಾಗೂ ಒಲಿ ಅದಾವು. ಹಿಂದ ಹೋಗು.”

“ನೀನ್ಯಾರ ಕೇಳಾಕ? ಎರ್ರಣ್ಣ, ಹೇಳೋ ಇಕಿಗೆ!”

“ನನ್ನ ಯಾಕ ಎಳೀತೀರ್ರಿ,” ಎಂದು ಎರ್ರಣ್ಣ ಬೀಗದ ಕೈ ಜೇಬಿಗೆ ಇಳಿಸಿದ. ಹಿಂದೆಯೇ ಇನ್ನೂ ನಾಲ್ಕು ಜನ ಬಂದರು. ಕೊನೆಗೆ, ಮೊಮ್ಮಗಳು ಬೀದಿಯಲ್ಲಿ ನಿಂತಿದ್ದಾಳೆಂದು ಕೇಳಿ ಹೊನ್ನೂರಮ್ಮನವರೇ ಬಂದರು. ಗಲಾಟೆ ಏರಿತು. ಕೆಳಗಿನ ಓಣಿಯವರು ಒಬ್ಬೊಬ್ಬರೇ ತಮ್ಮ ಕ್ಯಾನುಗಳನ್ನು ಪಕ್ಕಕ್ಕೆ ಎಳೆದುಕೊಳ್ಳತೊಡಗಿದರು. ಐದೂ ಮುಕ್ಕಾಲಾಯಿತು. ಅಕ್ಷಿತಾಳ ಕೈಯೂ ಹಳದಿ ಕ್ಯಾನಿನ ಹಿಡಿಕೆಗೆ ಹೋಯಿತು.

ಹನುಮಮ್ಮ ಮಗಳ ಕೈ ಹಿಡಿದಳು. “ಸರಸಬ್ಯಾಡ,” ಎಂದಳು.

ಎಲ್ಲರೂ ತಿರುಗಿ ನೋಡಿದರು.

“ಏನಂದೀ ಹನುಮಿ?” ಎಂದರು ಹೊನ್ನೂರಮ್ಮನವರು.

“ಸರಸಂಗಿಲ್ಲ ಅಂದ್ನಿರಿ, ಅಮ್ಮಾರ.” ಹನುಮಮ್ಮ ಅಲ್ಲಿಗೇ ನಿಲ್ಲಲಿಲ್ಲ. “ನಿಮ್ಮ ಗದ್ದಿ ನಾಟಿಗೆ ಕರಿಯಂಗಿಲ್ಲಾ? ಬಿಡ್ರಿ. ಕುರುಗೋಡು ಕಡೀಗೆ ಹೋಗ್ತೀವಿ, ಇಡೀ ಗುಂಪ ಹೋಗ್ತೀವಿ. ಆಮ್ಯಾಲ ಸಸಿ ಯಾರು ಹಚ್ತಾರ ನೋಡ್ಕೊಳ್ರಿ. ಒಂದ್ಸಲ ನನ್ನ ಮಗಳ ಪರೀಕ್ಷಿ ನಿಮ್ಮ ಕ್ಯಾನಿಗೆ ಹೋತು. ಇನ್ನೊಂದ್ಸಲ ಹೋಗಾಕ ಬಿಡಂಗಿಲ್ಲ.”

ಹೇಳಿ, ಹಳದಿ ಕ್ಯಾನನ್ನು ತಾನೇ ಎತ್ತಿ ನಲ್ಲಿಯ ಕೆಳಗೆ ಇಟ್ಟಳು. ನೀರು ಧೋ ಎಂದು ಬಿತ್ತು! ಪಕ್ಕಕ್ಕೆ ಸರಿದಿದ್ದ ಕ್ಯಾನುಗಳು ಒಂದೊಂದಾಗಿ ಮತ್ತೆ ಸಾಲಿಗೆ ಬಂದವು. ವಿರೂಪಮ್ಮನೂ ಹಿಂದೆ ಬಂದ ನಾಲ್ವರೂ ಗೊಣಗುತ್ತ ಮನೆಯ ದಾರಿ ಹಿಡಿದರು. ಸೌಂದರ್ಯಾಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ತಾನು ದಾರಿ ಬಿಡಿಸಲು ನಿಂತಿದ್ದೇನೆ ಎಂದುಕೊಂಡಿದ್ದಳು, ದಾರಿ ಮಾಡಿದವಳು ಹನುಮಮ್ಮ.

ಐದೂ ಐವತ್ತಕ್ಕೆ ಕ್ಯಾನು ತುಂಬಿತು. ಅಕ್ಷಿತಾ ಅದನ್ನು ಸೈಕಲ್ಲಿಗೆ ಕಟ್ಟಿದಳು. “ಲೇ, ಸೀಟು ಹಿಡಿ! ಇದನ್ನ ಮನೀಗೆ ಇಟ್ಟು ಓಡಿ ಬರ್ತೀನಿ!” ಎಂದು ಕೂಗಿದಳು.

“ನನಗೂ ಹೊತ್ತಾತಜ್ಜಿ,” ಎಂದಳು ಸೌಂದರ್ಯ. “ನಮ್ಮ ಕ್ಯಾನು ಅಲ್ಲಿ ಕಡೀಗೆ ಐತಿ. ನೀರು ಬೇಕಂದ್ರ ನೀನ ನಿಂದ್ರಬೇಕು.”

ಹೊನ್ನೂರಮ್ಮನವರು ಮೊಮ್ಮಗಳನ್ನು ಸುಟ್ಟುಬಿಡುವಂತೆ ನೋಡಿದರು. ಮನೆಯಲ್ಲಿ ಕುಡಿಯಲು ಹನಿ ನೀರಿರಲಿಲ್ಲ. ಹೋಗಿ ಸಾಲಿನ ಕೊನೆಗೆ, ಪಕ್ಕೀರಮ್ಮನವರ ಮಗ್ಗುಲಿಗೆ ನಿಂತರು; ಕ್ಯಾನು ಎಳೆದುಕೊಂಡ ಗಡಿಬಿಡಿಯಲ್ಲಿ ಪಕ್ಕೀರಮ್ಮನವರ ಪಾಳಿಯೂ ಹಿಂದಕ್ಕೆ ಬಿದ್ದಿತ್ತು. ಎರಡು ನಿಮಿಷ ಆಗಿರಲಿಕ್ಕಿಲ್ಲ, ಮೊಣಕಾಲು ಒತ್ತಿಕೊಳ್ಳತೊಡಗಿದರು.

“ಎಷ್ಟೊತ್ತು ನಿಂದ್ರಬೇಕ ಇಲ್ಲಿ? ಕಾಲು ಹರೀತಾವಲ್ಲ!”

ಸ್ಕೂಟಿ ಚಾಲೂ ಮಾಡುತ್ತಿದ್ದ ಸೌಂದರ್ಯಾಳಿಗೆ ಪಕ್ಕೀರಮ್ಮನವರ ಉತ್ತರ ಸ್ಪಷ್ಟವಾಗಿ ಕೇಳಿಸಿತು.

“ನಾನು ಲಗ್ನ ಆಗಿ ಬಂದಾಗಿಂದ ನಿಂತೀನ್ರಿ, ಅಮ್ಮಾರ. ನನ್ನ ಕಾಲೂ ಹರೀತಾವು.”

ಮುಂದಿನ ಕ್ಯಾನು ತುಂಬಿತು, ಸಾಲು ಒಂದು ಹೆಜ್ಜೆ ಸರಿಯಿತು. ಹೊನ್ನೂರಮ್ಮನವರೂ ಬಗ್ಗಿ, ತಮ್ಮ ಕ್ಯಾನನ್ನು ಪಕ್ಕೀರಮ್ಮನವರ ಕ್ಯಾನಿನ ಹಿಂದಕ್ಕೆ ಸರಿಸಿಕೊಂಡರು.