ಮಾವ ತೊಳೆದ ಬೇರಿಂಗುಗಳು

ಆ ಶೆಡ್ಡಿನ ಹಿರಿಯ ಮೆಕ್ಯಾನಿಕ್‌ನನ್ನು ಎಲ್ಲರೂ ‘ಗುರುಗಳು’ ಎನ್ನುತ್ತಿದ್ದರು. ಅವರೂ ಆ ಹೆಸರನ್ನು ಪುಕ್ಕಟೆ ಗಳಿಸಿದವರಲ್ಲ. ಬಿಚ್ಚಿದ ಇಂಜಿನ್ನಿನ ಹಳೆಯ ಬೇರಿಂಗ್ ಕೈಗೆ ಬಂದರೆ ಅದರ ಒಳಮೈ ಮೇಲೆ ಉಗುರು ಎಳೆದು ನೋಡುತ್ತಿದ್ದರು. ಉಗುರು ಸಿಕ್ಕಿಕೊಂಡರೆ ಗುಜರಿಗೆ; ನುಣ್ಣಗೆ ಜಾರಿದರೆ ತೊಳೆದು ಮತ್ತೆ ಕೂರಿಸುವುದೇ ಸೈ. ಆದರೆ ಯಾವುದು ಎಲ್ಲಿತ್ತೋ ಅಲ್ಲಿಗೇ ಹೋಗಬೇಕು. ವರ್ಷಗಟ್ಟಲೆ ತಿರುಗಿ ಶಾಫ್ಟಿಗೆ ಒಗ್ಗಿಹೋದ ಬೇರಿಂಗನ್ನು ಪಕ್ಕದ ಜಾಗಕ್ಕೆ ತುರುಕಿದರೆ ಇಂಜಿನ್ ಬಾಳಿಕೆ ಬರುವುದಿಲ್ಲ. ಹಾಗೆ ಅದಲುಬದಲು ಮಾಡಿದ ಇಬ್ಬರು ಕೆಲಸಗಾರರನ್ನು ಅವರು ಹಿಂದೆಮುಂದೆ ನೋಡದೆ ಮನೆಗೆ ಕಳಿಸಿದ್ದರು.

ಅಂಥವರೇ ಆವತ್ತು ಎಡವಟ್ಟು ಮಾಡಿಕೊಂಡರು.

ಇಂಜಿನ್ ಒಂದು ಶಾಲಾ ವ್ಯಾನಿನದು. ಬಿಚ್ಚಿದ್ದು ಗುರುಗಳ ಸೊಸೆ. ಬಿಲ್ ಬರೆಯಲು ಬಂದು ಕೂತವಳು ಯಾವಾಗ ಸ್ಪ್ಯಾನರ್ ಹಿಡಿದಳೋ ಮಾವನಿಗೇ ನೆನಪಿಲ್ಲ. ಅವಳೊಬ್ಬಳೇ ಕಟ್ಟಬೇಕಾದ ಮೊದಲ ಇಂಜಿನ್ ಇದು. ಗುರುಗಳಾಗಿದ್ದರೆ ಬೇರಿಂಗುಗಳನ್ನು ಬಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಅವಳು ಪ್ರತಿಯೊಂದರ ಬೆನ್ನಿಗೂ ಮಾರ್ಕರಿನಲ್ಲಿ ನಂಬರ್ ಬರೆದು, ಎಲ್ಲವನ್ನೂ ಒಂದೇ ಡಬ್ಬಿಗೆ ಹಾಕಿ, ಶಾಫ್ಟ್ ಅಳತೆ ಮಾಡಿಸಲು ಲೇತ್ ಅಂಗಡಿಗೆ ಹೋಗಿದ್ದಳು. ‘ಪಾಪ, ಬರುವಷ್ಟರಲ್ಲಿ ತೊಳೆದಿಡೋಣ’ ಎಂದು ಮಾವ ಕೂತರು. ಕನ್ನಡಕ ಮನೆಯಲ್ಲಿತ್ತು. ಬೆನ್ನ ಮೇಲಿನ ಕಪ್ಪನ್ನು ಮಸಿ ಎಂದೇ ಬಗೆದು ತಿನ್ನರ್ ಹಾಕಿ ಒರೆಸಿದರು. ಎಂಟೂ ಒಡೆದ ಬಳೆ ಚೂರುಗಳಂತೆ ಫಳಫಳ ಹೊಳೆದವು. ಆಮೇಲೆ ಒರೆಸಿದ ಬಟ್ಟೆಗೆ ಅಂಟಿದ್ದ ತಿರುಗುಮುರುಗಾದ ‘3’ ಕಣ್ಣಿಗೆ ಬಿತ್ತು. ಮಸಿಯಲ್ಲ, ಸೊಸೆ ಬರೆದಿಟ್ಟ ನಂಬರ್! ಗುರುಗಳು ಎಂಟನ್ನೂ ಒಂದೊಂದಾಗಿ ತಿರುವಿ ನೋಡಿದರು; ಒಂದರ ಬೆನ್ನ ಮೇಲೂ ಏನೂ ಉಳಿದಿರಲಿಲ್ಲ.

ಸೊಸೆ ಬಂದಾಗ ಅವರು ಮುಚ್ಚಿಡಲಿಲ್ಲ. “ನಂಬರೆಲ್ಲ ಒರೆಸಿಬಿಟ್ಟೆ ಕಣಮ್ಮ. ಮಸಿ ಅಂದ್ಕೊಂಡೆ.”

“ಕನ್ನಡಕ ಎಲ್ಲಿ ಮಾವ?”

“ಮನೇಲಿ.”

“ಸದ್ಯ. ಇಲ್ಲಿದ್ದಿದ್ರೆ ಅದನ್ನೂ ತಿನ್ನರ್‌ಗೆ ಹಾಕ್ತಿದ್ರಿ.”

ಅಷ್ಟೇ ಅಂದು ಶಾಫ್ಟನ್ನು ಬಾಗಿಲ ಬೆಳಕಿಗೆ ಎಳೆದಳು. ಶಾಫ್ಟಿನ ನಾಲ್ಕು ಜಾಗಗಳಿಗೂ ಅರ್ಧ ಬಳೆಯಂಥ ಎರಡೆರಡು ಬೇರಿಂಗು: ಎಣ್ಣೆಯ ತೂತಿದ್ದವು ಮೇಲಿನ ಅರ್ಧಗಳು, ಇಲ್ಲದವು ಕೆಳಗಿನವು. ಅವನ್ನು ಬೇರ್ಪಡಿಸುವುದು ಸುಲಭವಾಯಿತು. ಮುಂದಿನದೇ ತಲೆನೋವು. ಶಾಫ್ಟಿನ ಮೇಲೆ ಬಿದ್ದ ಕೂದಲೆಳೆಯಂಥ ಗೆರೆಗಳನ್ನು ನೋಡುವುದು, ಅದೇ ಗೆರೆ ಹೊತ್ತ ಬೇರಿಂಗನ್ನು ಹುಡುಕುವುದು. ಮೊದಲ ಜಾಗದ ಜೋಡಿ ಸಿಕ್ಕಿತು. ಕೊನೆಯದೂ ಸಿಕ್ಕಿತು. ನಡುವಿನ ಎರಡು ಜಾಗಗಳಲ್ಲಿ ಗೆರೆಯೇ ಇರಲಿಲ್ಲ. ಉಳಿದ ನಾಲ್ಕು ಬೇರಿಂಗುಗಳೂ ಅಷ್ಟೇ ನುಣ್ಣಗಿದ್ದವು.

“ಹೆಂಗೋ ಕೂರಿಸಮ್ಮ, ಏನಾಗಲ್ಲ,” ಎಂದರು ಗುರುಗಳು. ಆ ಮಾತು ತಮ್ಮ ಬಾಯಿಂದಲೇ ಬಂತೇ ಎಂದು ಅವರಿಗೇ ಅನುಮಾನವಾಯಿತು.

“ಅಂದಾಜಿಗೆ ಕೂರಿಸೋದಾದ್ರೆ ನಂಬರ್ ಯಾಕೆ ಬರೀತಿದ್ದೆ ಮಾವ? ಮಕ್ಕಳು ಕೂರೋ ಗಾಡಿ. ಈ ನಾಲ್ಕಕ್ಕೆ ಹೊಸದೇ ತರ್ತೀನಿ.”

ಗುರುಗಳಿಗೆ ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು. ಇಷ್ಟು ವರ್ಷ ಎಷ್ಟೋ ಜನರ ತಲೆಗೆ ತುಂಬಲು ಹೆಣಗಿದ್ದನ್ನು ಈ ಹುಡುಗಿ ತಮಗೇ ತಿರುಗಿ ಹೇಳುತ್ತಿದ್ದಳು.

ಸಂಜೆ ವ್ಯಾನಿನ ಡ್ರೈವರ್ ಬಂದ. ಗಾಡಿ ಸಿದ್ಧವಾಗಿರಲಿಲ್ಲ.

“ತೊಳೆಯುವಾಗ ಸ್ವಲ್ಪ ಹೆಚ್ಚುಕಡಿಮೆ ಆಯ್ತಣ್ಣ. ನಾಳೆ ಕೊಡ್ತೀನಿ,” ಎಂದಳು ಸೊಸೆ. ಯಾರಿಂದ ಎಂದು ಹೇಳಲಿಲ್ಲ.

ಡ್ರೈವರ್ ಗುರುಗಳ ಕಡೆ ತಿರುಗಿ ನಕ್ಕ. “ಕಲಿಯೋರ ಕೈಗೆ ಕೊಟ್ರೆ ಹಿಂಗೇ ಅಲ್ವಾ ಗುರುಗಳೇ? ನೀವೇ ಕಟ್ಟಿದ್ರೆ ಹಿಂಗಾಗ್ತಿತ್ತಾ?”

ಸೊಸೆ ತಲೆ ಎತ್ತದೆ ಬೋಲ್ಟ್ ಒರೆಸುತ್ತಿದ್ದಳು. ಗುರುಗಳು ತುಟಿ ಬಿಚ್ಚದಿದ್ದರೆ ಅವರ ಹೆಸರಿಗೆ ಕೂದಲೂ ಕೊಂಕುತ್ತಿರಲಿಲ್ಲ. ಅವಳ ಹೆಸರು ಮಾತ್ರ ಮೊದಲ ಇಂಜಿನ್ನಿಗೇ ಕೆಡುತ್ತಿತ್ತು. ಡ್ರೈವರುಗಳ ಬಾಯಿಗೆ ಬಿದ್ದ ಮಾತು ನಿಲ್ಲುವಂಥದ್ದಲ್ಲ.

ಗುರುಗಳು ಸ್ಟೂಲಿನಿಂದ ಎದ್ದು ನಿಂತರು.

“ಕೆಡಿಸಿದ್ದು ನಾನು ಕಣಯ್ಯ. ಸರಿ ಮಾಡಿದ್ದು ಇವಳು. ನಾಲ್ಕನ್ನ ಹೆಂಗೋ ಕೂರಿಸು ಅಂದೆ, ನನ್ನ ಮಾತೂ ಕೇಳಲಿಲ್ಲ. ಇನ್ಮೇಲೆ ಇಂಜಿನ್ ವಿಷಯ ಏನಿದ್ರೂ ಇವಳ ಹತ್ರಾನೇ ಮಾತಾಡು.”

ಡ್ರೈವರ್ ಬೆಪ್ಪಾಗಿ ನೋಡಿದ. ತಪ್ಪೊಪ್ಪಿಕೊಂಡು ಇಷ್ಟು ಎದೆಯುಬ್ಬಿಸಿ ನಿಂತ ಮನುಷ್ಯನನ್ನು ಅವನು ಎಲ್ಲೂ ಕಂಡಿರಲಿಲ್ಲ.