ದೀಪ ಹಚ್ಚಿದ ಮೇಲೆ ಹೆಪ್ಪು

ಬೂದಿಗೆರೆಯ ಆ ತಗಡಿನ ಶೆಡ್ಡಿನಲ್ಲಿ ಮರ ಕಡಿಯದೆ ಕಾಗದ ಮಾಡುತ್ತಿದ್ದರು. ರಾಗಿಹುಲ್ಲು, ಬಾಳೆನಾರು ಬೇಯಿಸಿ, ಕುಟ್ಟಿ, ಜರಡಿಯಲ್ಲಿ ಎತ್ತಿ ಒಣಗಿಸಿದರೆ ಹಾಳೆ. ಬರೀ ಹುಲ್ಲಿನದಾದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಅದಕ್ಕೆ ಕಸುವು ಕೊಡುತ್ತಿದ್ದುದು ಗಾಜಿನ ಜಾಡಿಯೊಳಗಿನ ಜೀವ. ಆರಿದ ಸಿಹಿ ಟೀ ಹಾಕಿಟ್ಟರೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ವಾರದಲ್ಲಿ ಮೇಲೆ ದಪ್ಪ ಕೆನೆ ಕಟ್ಟುತ್ತಿದ್ದವು. ಅದನ್ನು ರುಬ್ಬಿ ಬೆರೆಸಬೇಕು. ರೂಪ ಅದನ್ನು ಹೆಪ್ಪು ಎನ್ನುತ್ತಿದ್ದಳು.

ರೂಪ ತೀರಿಕೊಂಡು ಎಂಟು ತಿಂಗಳು. ಗೆಳತಿಯರಿಬ್ಬರೂ ಸೇರಿ ಕಟ್ಟಿದ ಶೆಡ್ಡಿನಲ್ಲಿ ಈಗ ಪ್ರಮೋದಾ ಒಬ್ಬಳೇ. ಮೊದಲೆಲ್ಲ ಟೀ ಆರುವ ತನಕ ಹರಟುತ್ತಿದ್ದರು. ಈಗ ಯಾರೊಡನೆ ಹರಟುವುದು? ಒಂದು ದಿನ ಪ್ರಮೋದಾ ಕುದಿಯುವ ಟೀಯನ್ನು ಹಾಗೆಯೇ ಜಾಡಿಗೆ ಸುರಿದುಬಿಟ್ಟಳು. ಹತ್ತು ದಿನ ಕಾದರೂ ಕೆನೆ ಕಟ್ಟಲಿಲ್ಲ, ಹಸಿರು ಬೂಸ್ಟು ಬಂತು; ಬಿಸಿಗೆ ಹೆಪ್ಪು ಸತ್ತಿತ್ತು. ಬೇರೆ ಹೆಪ್ಪು ದುಡ್ಡು ಕೊಟ್ಟರೆ ಸಿಗುತ್ತದೆ. ರೂಪ ಸಾಕಿದ್ದು ಸಿಗುವುದಿಲ್ಲ.

ಜಾಡಿ ತೊಳೆಯುವಾಗ ಬೈರಮ್ಮನ ನೆನಪಾಯಿತು. ನಾರು ಬಿಡಿಸಲು ಬರುತ್ತಿದ್ದವಳು, ಮಂಡಿನೋವಿಗೆ ಕೆಲಸ ಬಿಟ್ಟು ಮನೆಯಲ್ಲಿದ್ದಳು. ಹಿಂದೊಮ್ಮೆ ರೂಪಳಿಂದ ಒಂದು ಬಟ್ಟಲು ಹೆಪ್ಪು ಒಯ್ದಿದ್ದಳು. ಸಂಜೆ ಪ್ರಮೋದಾ ಖಾಲಿ ಜಾಡಿ ಹಿಡಿದು ಹೋದಾಗ ಬೈರಮ್ಮ ಹೊಸಿಲ ಬಳಿ ದೀಪಕ್ಕೆ ಎಣ್ಣೆ ಹಾಕುತ್ತಿದ್ದಳು.

"ಬೈರಮ್ಮ, ಆ ಹೆಪ್ಪು ಇನ್ನೂ ಇದ್ಯಾ?"

"ಇಲ್ದೆ ಏನು! ಹೆಪ್ಪು ಅನ್ನೋದು ಎರಡು ಮನೇಲಿರ್ಬೇಕು ಅಂತ ನಾನೇ ರೂಪಮ್ಮನ್ ಹತ್ರ ಇಸ್ಕೊಂಡಿದ್ದು. ವಾರಕ್ಕೊಂದ್ ಲೋಟ ಟೀ ಕುಡಿಸ್ತೀನಿ. ನನಗಿಂತ ಸಕ್ಕರೆ ಜಾಸ್ತಿ ಅದಕ್ಕೆ!"

ಒಳಗೆ ಮೂಲೆಯಲ್ಲಿ ಬಟ್ಟೆ ಕಟ್ಟಿದ ಪಿಂಗಾಣಿ ಭರಣಿ. ಬೈರಮ್ಮ ಬಟ್ಟೆ ಸರಿಸಿದಳು. ಬೆರಳು ದಪ್ಪದ ಬಿಳಿ ಕೆನೆ. ಪ್ರಮೋದಾ ಜಾಡಿ ಚಾಚಿದಳು.

ಬೈರಮ್ಮ ಒಂದು ಗಳಿಗೆ ಅವಳ ಮುಖ ನೋಡಿದಳು. ಆಮೇಲೆ ಕುಂಟುತ್ತ ಹೊಸಿಲಿಗೆ ಹೋಗಿ ಕಡ್ಡಿ ಗೀರಿ ದೀಪ ಹಚ್ಚಿದಳು.

"ದೀಪ ಹಚ್ಚಿದ್ಮೇಲೆ ಹೆಪ್ಪು ಹೊರಗೆ ಕೊಡಲ್ಲ, ಪ್ರಮೋದಮ್ಮ."

"ಇದೇನು ಮೊಸರಾ ಬೈರಮ್ಮ?"

"ಹೆಪ್ಪು ಹೆಪ್ಪೇ. ಬೆಳಿಗ್ಗೆ ಕೊಡ್ತೀನಿ. ಇಲ್ಲೇ ಉಳ್ಕೊಳ್ಳಿ, ಮುದ್ದೆ ಮಾಡ್ತೀನಿ. ಆ ಶೆಡ್ಡಲ್ಲಿ ಯಾರು ಕಾಯ್ತಾ ಕೂತವ್ರೆ ನಿಮಗೆ?"

ಜಾಡಿ ಚಾಚುವವರೆಗೂ ದೀಪ ಹಚ್ಚಿರಲಿಲ್ಲ ಎಂಬುದನ್ನು ಪ್ರಮೋದಾ ಗಮನಿಸಿದ್ದಳು. ಆದರೂ ವಾದಿಸಲಿಲ್ಲ. ಖಾಲಿ ಜಾಡಿಯನ್ನು ಭರಣಿಯ ಪಕ್ಕದಲ್ಲಿಟ್ಟು, ಅಲ್ಲಿದ್ದ ಸೊಪ್ಪಿನ ಕಟ್ಟು ಬಿಚ್ಚಿಕೊಂಡು ಒಲೆಯ ಹತ್ತಿರ ಕೂತಳು.