ನಾಳೆಯ ನಾಲ್ಕು ಡಿಗ್ರಿ

ಪತ್ರೆ ಹಾಕಲು ಗುಂಡಿಯ ಅಂಚಿಗೆ ಬಗ್ಗಿದಾಗ ಓಂಕಾರಪ್ಪನ ಜೇಬಿನ ಪೆನ್ನು ಜಾರಿ, ಒಳಗೆ ಕೂರಿಸಿದ್ದ ಕೊಟ್ರಬಸಪ್ಪನ ಹೆಣದ ಮಡಿಲಿಗೆ ಬಿತ್ತು. ಕೈ ಚಾಚಿದವನನ್ನು ಅಯ್ಯನವರು ತಡೆದರು.

"ಬಿಡ್ರಿ. ಅಲ್ಲಿಗೆ ಬಿದ್ದದ್ದು ತೆಗೀಬಾರದು."

ಮಣ್ಣು ಬಿದ್ದು ಪೆನ್ನು ಮುಚ್ಚಿಹೋಯಿತು. ಸತ್ತವನಿಗೆ ಎಚ್ಚರಿಕೆ ಪತ್ರ ಬರೆದದ್ದು ಅದೇ ಪೆನ್ನಿನಲ್ಲಿ. ಓಂಕಾರಪ್ಪನಿಗೆ ಭಯವಾಯಿತು.

ಕೊಟ್ರಬಸಪ್ಪ ಜಗಳೂರು ಸೀಮೆಯ ಆ ಹಳ್ಳಿಯ ದವಾಖಾನೆಯಲ್ಲಿ ಕಾಂಪೌಂಡರ್. ಓಂಕಾರಪ್ಪ ಮೇಲಿನ ಕಚೇರಿಯ ಹೆಡ್ ಕ್ಲರ್ಕ್. ಅವನು ಮಗಳನ್ನು ಕೊಟ್ಟ ಊರೂ ಆ ಹಳ್ಳಿಯೇ. ಆರು ತಿಂಗಳ ಮೊಮ್ಮಗನಿಗೆ ನಾಳೆ ಅದೇ ದವಾಖಾನೆಯಲ್ಲಿ ಪೋಲಿಯೊ ಹನಿ ಹಾಕಿಸುವುದಿತ್ತು.

ಮಣ್ಣು ಮುಗಿಸಿ ಸತ್ತವನ ಮನೆಗೆ ಬಂದಾಗ ಅವನ ಹೆಂಡತಿ ಸಿದ್ದಲಿಂಗಮ್ಮ ಅಳಲಿಲ್ಲ, ಕೇಳಿದಳು.

"ಇನ್ಮೇಲೆ ದವಾಖಾನೆ ಫ್ರಿಜ್ಜಿನ ಐಸಿಗೆ ಯಾರು ಹೋಗ್ತಾರಣ್ಣ? ಕರೆಂಟು ಹೋದ್ರೆ ಇವ್ರೇ ಸೈಕಲ್ ತುಳ್ಕೊಂಡು ಜಗಳೂರಿನ ಸೋಡಾ ಅಂಗಡಿಯಿಂದ ತರೋರು. ಮೂರು ದಿನ ಆತು, ಕರೆಂಟಿಲ್ಲ."

\* \* \*

ಎರಡು ವರ್ಷದ ಹಿಂದೆ, ಎಂಬತ್ತನಾಲ್ಕರಲ್ಲಿ, ಆಡಿಟ್‌ನವರು ಹನ್ನೊಂದು ದವಾಖಾನೆಗಳ ರಿಜಿಸ್ಟರ್ ನೋಡಿದ್ದರು. ಔಷಧಿಯ ಫ್ರಿಜ್ಜು ದಿನವೂ ನಾಲ್ಕು ಡಿಗ್ರಿ ಎಂದಿತ್ತು. ಲೈಟು ಕಂಬ ಬಿದ್ದು ಕರೆಂಟು ಹೋದ ವಾರದಲ್ಲೂ ನಾಲ್ಕೇ. ತಪ್ಪು ಒಬ್ಬರದಲ್ಲ, ಎಲ್ಲಿಯೂ ಐಸಿನ ಪೆಟ್ಟಿಗೆಯೇ ಇಲ್ಲ ಎಂದು ಬರೆದರು.

"ಹನ್ನೊಂದು ಕಡೆ ತಪ್ಪು ಅಂತ ಒಪ್ಪಿದ್ರೆ ಹನ್ನೊಂದು ಕಡೆ ಸರಿ ಮಾಡ್ಬೇಕಾಗ್ತೈತೆ," ಎಂದರು ಓಂಕಾರಪ್ಪನ ಕಚೇರಿಯ ಸಾಹೇಬರು. "ಒಬ್ಬನ ಹೆಸರು ಬರೀರಿ."

ತಿರುಗಿ ಮಾತಾಡದವನೆಂದು ಓಂಕಾರಪ್ಪ ಕೊಟ್ರಬಸಪ್ಪನನ್ನು ಆರಿಸಿದ. 'ಸದರಿ ನೌಕರನಿಗೆ ಎಚ್ಚರಿಕೆ ನೀಡಲಾಗಿದೆ. ಆಕ್ಷೇಪಣೆ ಕೈಬಿಡಬಹುದು.' ಆಡಿಟ್‌ನವರು ಕೈಬಿಟ್ಟರು. ಕೊಟ್ರಬಸಪ್ಪ ಕಚೇರಿಗೆ ಬಂದು ಮೇಜಿನ ಮುಂದೆ ನಿಂತ.

"ಸುಳ್ಳು ಬರ್ದಿದ್ದು ಹೌದು ಸಾರ್. ಪೆಟ್ಟಿಗೆ ಒಂದು ಕೊಡಿಸ್ರಿ."

ನೋಡೋಣ ಎಂದು ಓಂಕಾರಪ್ಪ ಅರ್ಜಿಯನ್ನು ಫೈಲಿಗೆ ಸೇರಿಸಿದ್ದ.

\* \* \*

ಸಿದ್ದಲಿಂಗಮ್ಮನ ಮನೆಯಿಂದ ಓಂಕಾರಪ್ಪ ನೇರ ದವಾಖಾನೆಗೆ ಹೋದ. ಬೀಗ ತೆಗೆದವಳು ಆಯಾ ಗಾದ್ರಮ್ಮ. ಫ್ರಿಜ್ಜಿನ ಬಾಗಿಲು ತೆರೆದರೆ ಮುಖಕ್ಕೆ ಬೆಚ್ಚಗಿನ ಗಾಳಿ ಬಡಿಯಿತು. ಥರ್ಮಾಮೀಟರ್ ಇಪ್ಪತ್ತೊಂದು ತೋರಿಸುತ್ತಿತ್ತು.

ರಿಜಿಸ್ಟರಿನಲ್ಲಿ ಕೊಟ್ರಬಸಪ್ಪನ ಸೊಟ್ಟ ಅಕ್ಷರ: ಐದು, ಏಳು, ಹದಿನಾಲ್ಕು, 'ಐಸು ಸಿಗಲಿಲ್ಲ, ಔಷಧಿ ಚೆಲ್ಲಿದೆ'. ಆಮೇಲೆ ಬೇರೆ ಕೈ ಬರಹ. ನಿನ್ನೆ ನಾಲ್ಕು, ಇವತ್ತು ನಾಲ್ಕು, ನಾಳೆಯೂ ನಾಲ್ಕು. ಮೂವತ್ತೊಂದರ ತನಕ ನಾಲ್ಕು.

"ನಿನ್ನೆ ಇವ್ರು ಹಾಸಿಗೆ ಹಿಡಿದಾಗ ಬದಲಿಗೆ ಬಂದೋರು ನಾಳೆಗೆ ಹೊಸ ಔಷಧಿ ತಂದಿಟ್ಟು, ತಿಂಗಳದ್ದೆಲ್ಲ ಒಟ್ಟಿಗೇ ಬರ್ದು ಹೋದ್ರು," ಎಂದಳು ಗಾದ್ರಮ್ಮ. "ಖಾಲಿ ಬಿಟ್ರೆ ಎಚ್ಚರಿಕೆ ಪತ್ರ ಬರ್ತೈತಂತೆ."

ಉಳಿದ ಹತ್ತು ದವಾಖಾನೆಗಳಲ್ಲೂ ಹೀಗೇ ಬರೆದಿರಬಹುದೆಂದು ಅವನಿಗೆ ಹೊಳೆಯಿತು. ಬಾಟಲಿಗಳನ್ನೆಲ್ಲ ಚೆಲ್ಲಿಸಿದ. ರಿಜಿಸ್ಟರಿಗೆ ದಾರದಲ್ಲಿ ಕಟ್ಟಿದ್ದ ಕೊಟ್ರಬಸಪ್ಪನ ಪೆನ್ನು ತೆಗೆದು, ಇವತ್ತಿನ ನಾಲ್ಕನ್ನು ಹೊಡೆದುಹಾಕಿ ಇಪ್ಪತ್ತೊಂದು ಎಂದು ಬರೆದು ಸಹಿ ಮಾಡಿದ. ಈ ಸಲ ಎಚ್ಚರಿಕೆ ಪತ್ರ ಬರುವುದು ಅವನಿಗೇ, ಅದನ್ನು ಬರೆಯಬೇಕಾದವನೂ ಅವನೇ.

ತಲೆ ಎತ್ತಿದರೆ ಬಾಗಿಲಲ್ಲಿ ಮಗಳು ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತಿದ್ದಳು, ನಾಳೆ ಎಷ್ಟೊತ್ತಿಗೆ ಬರಬೇಕೆಂದು ಕೇಳಲು.